ಬಿಳಿ ಹದಿನೇಳು

ಮಾರ್ಚ್ ೨೨

ಎರಡು ದಿನ ಹಿಡಿದಿದ್ದ ಜ್ವರ ಬಿಟ್ಟಿತು, ಪುಟ್ಟೀ. ನೀನಿದ್ದಿದ್ದರೆ ಅಕ್ಕಾ, ಇನ್ನೊಂದು ದಿನ ಬಿದ್ದುಕೋ ಎಂದು ಗದರುತ್ತಿದ್ದೆ. ಗದರುವವರು ಯಾರೂ ಇಲ್ಲವಲ್ಲ, ಎದ್ದು ಕೆಲಸಕ್ಕೆ ಹೋದೆ.

ಗಾಜಿನ ಜೇನುಗೂಡಿನ ಮುಂದೆ ಬೆಳಗ್ಗೆ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ. ಬಿಳಿ ಹದಿನೇಳು ಕಾಣಲಿಲ್ಲ. ಮೇಣದ ಎರಿಯ ಮೇಲಿಲ್ಲ, ಹೊರಗೆ ಹೋಗುವ ಕೊಳವೆಯಲ್ಲೂ ಇಲ್ಲ. ಫೆಬ್ರವರಿ ಹದಿನಾಲ್ಕರಂದು ಅದು ಹುಟ್ಟಿದ ದಿನವೇ ಅದರ ಬೆನ್ನಿಗೆ ಬಿಲ್ಲೆ ಅಂಟಿಸಿದವಳು ನಾನು. ಸಾಸಿವೆ ಕಾಳಿನಷ್ಟು ಬಿಳಿ ಬಿಲ್ಲೆ, ಮೇಲೆ ಕಪ್ಪು ಅಂಕಿ. ಇವತ್ತಿಗೆ ಮೂವತ್ತಾರು ದಿನ. ಈ ಕಾಲದಲ್ಲಿ ಕೆಲಸದ ನೊಣಕ್ಕೆ ಐದು ವಾರ, ಹೆಚ್ಚೆಂದರೆ ಆರು ವಾರ ಆಯುಷ್ಯ. ಅಂದಮೇಲೆ ಕಾಣದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೂ ಆ ನೊಣಕ್ಕೊಂದು ಅಭ್ಯಾಸವಿತ್ತು. ನಾನು ಗಾಜಿಗೆ ಹೆಬ್ಬೆರಳು ಒತ್ತಿ ಕೂರುತ್ತೇನಲ್ಲ, ಆ ಜಾಗ ಬೆಚ್ಚಗಾಗುತ್ತದೋ ಏನೋ, ಹೊರಗಿಂದ ಬಂದಾಗಲೆಲ್ಲ ಅಲ್ಲಿಗೆ ಬಂದು ಒಂದು ಗಳಿಗೆ ನಿಲ್ಲುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ.

ನಾನಿಲ್ಲದ ಎರಡು ದಿನ ಗೂಡಿನ ಬಾಗಿಲ ಕೆಳಗೆ ಬಿದ್ದ ಸತ್ತ ನೊಣಗಳನ್ನು ಕಾವಲುಗಾರ ಆರಿಸಿ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದ. “ಬಿಲ್ಲೆ ಇರೋವು ನಾಲ್ಕಿವೆ ದೊಡ್ಡಮ್ಮ. ನಂಬರ್ ನೀವೇ ನೋಡ್ಕೊಳ್ಳಿ, ನನ್ನ ಕಣ್ಣಿಗೆ ಅದೆಲ್ಲ ಇರುವೆ ತಲೆ” ಅಂದ. ಸತ್ತದ್ದನ್ನು ಅಂದಂದೇ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಇಪ್ಪತ್ತಾರು ವರ್ಷದಿಂದ ಎಲ್ಲರಿಗೂ ನಾನೇ ಕಲಿಸಿದ ನಿಯಮ ಅದು. ಪೊಟ್ಟಣ ಮೇಜಿನ ಡ್ರಾಯರಿನಲ್ಲಿ ಹಾಕಿದೆ. ನಾಳೆ ನೋಡಿದರಾಯಿತು.

ಜ್ವರದಲ್ಲಿದ್ದಾಗ ಎದುರು ಮನೆಯಾಕೆ ಎರಡು ಸಲ ಬಾಗಿಲು ಬಡಿದಳು. ಹಾಲು ತಂದಿದ್ದಳಂತೆ. ನಿದ್ದೆ ಬಂದವಳ ಹಾಗೆ ಸುಮ್ಮನಿದ್ದೆ.

ಮಾರ್ಚ್ ೨೩

ಹದಿನೇಳು ಇಲ್ಲ. ಡ್ರಾಯರ್ ತೆಗೆಯಲಿಲ್ಲ.

ಮಾರ್ಚ್ ೨೫

ಬಂತು ಪುಟ್ಟೀ! ಹದಿನೇಳು ಬಂತು.

ಹನ್ನೊಂದು ಗಂಟೆಗೆ ಎರಿಯ ನಡುಭಾಗದಲ್ಲಿ, ಮರಿಹುಳುಗಳಿರುವ ಆರುಮೂಲೆಯ ಕಣಗಳ ಹತ್ತಿರ. ಭೂತಗನ್ನಡಿ ಹಿಡಿದು ಅಂಕಿಯನ್ನು ಮೂರು ಸಲ ಓದಿದೆ. ಒಂದು, ಏಳು. ಏನು ಮಾಡುತ್ತಿತ್ತು ಹೇಳು ನೋಡೋಣ. ಕಣದೊಳಗೆ ತಲೆ ತೂರಿಸಿ ಗುಡಿಸುತ್ತಿತ್ತು!

ನಿನಗೆ ಎಷ್ಟು ಸಲ ಹೇಳಿದ್ದೇನೆ, ನೀನು ಹೊಲಿಗೆ ಯಂತ್ರದ ಸದ್ದಿನಲ್ಲಿ ಅರ್ಧ ಕೇಳುತ್ತಿದ್ದೆ. ಜೇನುಗೂಡಿನಲ್ಲಿ ವಯಸ್ಸಿಗೆ ತಕ್ಕ ಕೆಲಸ. ಹುಟ್ಟಿದ ಹೊಸದರಲ್ಲಿ ಕಣ ಗುಡಿಸುವುದು, ಆಮೇಲೆ ಮರಿಗಳಿಗೆ ಉಣಿಸುವುದು, ಆಮೇಲೆ ಎರಿ ಕಟ್ಟುವುದು, ಬಾಗಿಲು ಕಾಯುವುದು. ಕಟ್ಟಕಡೆಗೆ, ರೆಕ್ಕೆ ಸವೆದು ಹರಿಯುವವರೆಗೆ, ಹೊರಗಿನ ದುಡಿಮೆ. ಹೊರಗೆ ಹೋದದ್ದು ಸಾಮಾನ್ಯವಾಗಿ ಮತ್ತೆ ಮನೆಗೆಲಸಕ್ಕೆ ಬರುವುದಿಲ್ಲ. ಗೂಡಿನಲ್ಲಿ ಎಳೆಯವು ಇಲ್ಲದೆ ಹೋದರೆ ಮಾತ್ರ ಬರುತ್ತವೆ. ಇಲ್ಲಿ ಎಳೆಯವು ಬೇಕಾದಷ್ಟಿವೆ. ಹೋದ ವಾರವಷ್ಟೇ ಅರವತ್ತಕ್ಕೆ ಹಳದಿ ಬಿಲ್ಲೆ ಅಂಟಿಸಿದ್ದೇನೆ. ಆದರೂ ಈ ಮುದುಕಿ ಮೂವತ್ತೊಂಬತ್ತನೆಯ ದಿನ ಪೊರಕೆ ಹಿಡಿದಿದ್ದಾಳೆ.

ಇನ್ನು ಆ ಪೊಟ್ಟಣ ತೆಗೆದು ನೋಡುವ ಅವಸರವೇನೂ ಇಲ್ಲ.

ಮಾರ್ಚ್ ೩೦

ಇಸ್ತ್ರಿ ಅಂಗಡಿಯವನ ಜೊತೆ ಜಗಳವಾಯಿತು. ನನ್ನ ಬಿಳಿ ಕೋಟು ತೊಳೆದು ತೊಳೆದು ಹಳೇ ಕಾಗದದ ಬಣ್ಣಕ್ಕೆ ತಿರುಗಿದೆ, ಯಾವ ಸೋಪು ಹಾಕುತ್ತೀಯಪ್ಪ ಎಂದೆ. ಅವನು ಕೋಟನ್ನು ಬಾಗಿಲ ಬೆಳಕಿಗೆ ಹಿಡಿದು ನನ್ನನ್ನೂ ಕೋಟನ್ನೂ ನೋಡಿದ. ಇದಕ್ಕಿಂತ ಬೆಳ್ಳಗೆ ಬೇಕಾದರೆ ಹೊಸದು ಹೊಲಿಸಿಕೊಳ್ಳಿ ಎಂದ. ಹೊಲಿಯುವವಳೆಲ್ಲಿದ್ದಾಳೆ?

ಗೂಡಿನ ಕೋಣೆಯ ಟ್ಯೂಬ್‌ಲೈಟನ್ನೂ ಬದಲಾಯಿಸಲು ಹೇಳಿದ್ದೆ, ಮಂಕಾಗಿದೆ ಎಂದು. ಬದಲಾಯಿಸಿದರು. ಹೊಸದೂ ಮಂಕೇ. ಈಗ ಯಾವ ಸಾಮಾನೂ ಮುಂಚಿನ ಹಾಗೆ ಬರುವುದಿಲ್ಲ.

ಅಜ್ಜಿ ಚೆನ್ನಾಗಿದ್ದಾಳೆ. ಹದಿನೇಳಕ್ಕೆ ಕಾವಲುಗಾರ ಇಟ್ಟ ಹೆಸರು ಅದು. ನೊಣಕ್ಕೆ ಹೆಸರಿಡಬಾರದು ಎಂದು ಅವನಿಗೆ ಗದರಿದೆ. ಆಮೇಲೆ ನಾನೂ ಹಾಗೇ ಕರೆಯತೊಡಗಿದೆ. ಈಗ ಅವಳು ಹೆಬ್ಬೆರಳ ಹತ್ತಿರ ಬರುವುದಿಲ್ಲ. ಮರಿಗಳಿಗೆ ಉಣಿಸುವ ಕೆಲಸ ಹೆಚ್ಚಿರಬೇಕು.

ಏಪ್ರಿಲ್ ೪

ಈ ಗೂಡಿನ ಸಂಶೋಧನೆ ನಡೆಸುವ ಡಾಕ್ಟರಮ್ಮ ಬಂದಿದ್ದಳು. ಹದಿನೈದು ದಿನಕ್ಕೊಮ್ಮೆ ದೊಡ್ಡ ಕಚೇರಿಯಿಂದ ಬಂದು ನನ್ನ ಹಾಳೆಗಳನ್ನು ನೋಡಿ ಹೋಗುತ್ತಾಳೆ. ವಿದ್ಯಾರ್ಥಿನಿಯಾಗಿ ಬಂದಾಗ ನೊಣದ ರೆಕ್ಕೆ ಎಲ್ಲಿ ಹಿಡಿಯಬೇಕೆಂದು ಗೊತ್ತಿಲ್ಲದೆ ಐದೂ ಬೆರಳು ಊದಿಸಿಕೊಂಡು ಅತ್ತವಳು. ಆಗ ನಾನು ಇಲ್ಲಿ ಗಾಜಿನ ಪಾತ್ರೆ ತೊಳೆಯುತ್ತಿದ್ದೆ. ಹಿಡಿಯುವುದನ್ನು ತೋರಿಸಿಕೊಟ್ಟೆ. ಅಲ್ಲಿಂದ ಶುರುವಾದದ್ದು ನಮ್ಮ ನಂಟು.

ಅಜ್ಜಿಯ ವಿಷಯ ಓದುತ್ತ ಓದುತ್ತ ಕುರ್ಚಿಯಿಂದ ಎದ್ದು ನಿಂತಳು. ಇಬ್ಬರೂ ಎರಡು ಗಂಟೆ ಗೂಡಿನ ಮುಂದೆ ಕಾದೆವು. ಅಜ್ಜಿ ಮುಖ ತೋರಿಸಲಿಲ್ಲ. ಜನಜಂಗುಳಿಯಲ್ಲಿ ಎಲ್ಲೋ ಅಡಗಿದ್ದಳು. ಕಂಡಾಗ ಒಂದು ಫೋಟೋ ತೆಗೆದುಬಿಡೋಣವೇ ಎಂದಳು ಡಾಕ್ಟರಮ್ಮ. ಗಾಜಿನಲ್ಲಿ ನಮ್ಮ ಮುಖವೇ ಬರುತ್ತದಲ್ಲ ಎಂದೆ. “ಬಿಡಿ, ನಿಮ್ಮ ಕಣ್ಣಿದ್ದಮೇಲೆ ಕ್ಯಾಮೆರಾ ಯಾಕೆ” ಎಂದು ನಕ್ಕಳು.

ಹಳದಿಯವುಗಳ ಲೆಕ್ಕ ಅವಳನ್ನು ಕಾಡಿತು. ಅರವತ್ತರಲ್ಲಿ ನನಗೆ ಕಾಣುತ್ತಿರುವುದು ಆರೋ ಏಳೋ. ಬಿಳಿಯವು ಮಾತ್ರ ಗಟ್ಟಿಮುಟ್ಟಾಗಿ ಓಡಾಡುತ್ತಿವೆ. ಹಳದಿ ಬಿಲ್ಲೆಗೆ ಹಾಕಿದ ಅಂಟು ಸರಿಯಿಲ್ಲ, ಉದುರಿಹೋಗಿವೆ ಎಂದು ಕೊನೆಗೆ ತೀರ್ಮಾನಿಸಿದಳು. ಅಂಟು ಕಲಸಿದವಳು ನಾನೇ. ಎಂದಿನ ಅಂಟೇ ಅದು. ಆದರೆ ಜ್ವರ ಬರುವ ಮುಂಚಿನ ದಿನಗಳು, ಕೈ ತಪ್ಪಿರಬಹುದು ಎಂದು ಒಪ್ಪಿಕೊಂಡೆ.

ಏಪ್ರಿಲ್ ೮

ಇವತ್ತು ಒಂದು ವಿಚಿತ್ರ. ಬಿಳಿ ಐದು ಕೊಳವೆಯ ಹತ್ತಿರ ಬಾಗಿಲು ಕಾಯುತ್ತ ನಿಂತಿತ್ತು. ಬಿಳಿ ಐದು ಮಾರ್ಚ್ ಹತ್ತರಂದೇ ಸತ್ತಿದೆ ಎಂದು ರಿಜಿಸ್ಟರಿನಲ್ಲಿ ನನ್ನದೇ ಅಕ್ಷರದಲ್ಲಿದೆ. ಕಾಗದದಲ್ಲಿ ಮಡಚಿ ಸತ್ತವುಗಳ ಡಬ್ಬಿಗೆ ಹಾಕಿದ ನೆನಪೂ ಇದೆ.

ಬಹಳ ಹೊತ್ತು ಯೋಚಿಸಿದೆ. ಸತ್ತದ್ದು ಆರು ಇರಬೇಕು. ಚಿಕ್ಕ ಅಂಕಿ, ಐದೂ ಆರೂ ಬಾಲವೊಂದರ ವ್ಯತ್ಯಾಸ. ರಿಜಿಸ್ಟರಿನಲ್ಲಿ ಐದನ್ನು ಹೊಡೆದು ಆರು ಎಂದು ಬರೆದೆ. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲ ತಿದ್ದು. ಡಬ್ಬಿ ತೆಗೆದು ಕಾಗದ ಬಿಚ್ಚಿ ನೋಡಬಹುದಿತ್ತು. ಕಪಾಟಿನ ಮೇಲಿನ ಹಲಗೆಯಲ್ಲಿದೆ, ಏಣಿ ಹತ್ತಬೇಕು. ಮಂಡಿ ನೋಯುತ್ತದೆ.

ಅಜ್ಜಿ ಐವತ್ತಮೂರನೆಯ ದಿನಕ್ಕೆ ಕಾಲಿಟ್ಟಿದ್ದಾಳೆ. ಈಗ ಮರಿಗಳನ್ನು ಬಿಟ್ಟು ಮತ್ತೆ ಹೊರಗೆ ಹಾರುತ್ತಿದ್ದಾಳೆ. ಒಂದು ಆಯುಷ್ಯ ಮುಗಿಸಿ ಇನ್ನೊಂದನ್ನು ಮೊದಲಿನಿಂದ ಬಾಳಿದ ಹಾಗೆ.

ಹಾಗೆ ಬಾಳಬಹುದಾದರೆ ನಾನು ಎಲ್ಲಿಂದ ಶುರು ಮಾಡಲಿ? ನಿನ್ನ ಯಂತ್ರ ಕೊಂಡ ವರ್ಷದಿಂದ. ನಾವಿಬ್ಬರೂ ಅದನ್ನು ಮೆಟ್ಟಿಲ ಮೇಲೆ ಹೊತ್ತು ತಂದು, ನಡುವೆ ಕೂತು, ನಕ್ಕೂ ನಕ್ಕೂ ಮೇಲೇಳಲಾಗದೆ ಹೋದೆವಲ್ಲ, ಆ ಮಧ್ಯಾಹ್ನದಿಂದ.

ಏಪ್ರಿಲ್ ೧೪

ಹೂವು ಕಡಿಮೆಯಾಗಿದೆ. ನೊಣಗಳು ಹಿಂದಿನ ಅಂಗಳದ ಮರಗಳಿಗೆ ಹೋಗತೊಡಗಿವೆ. ಅಲ್ಲಿ ಗಿಡಹೇನುಗಳು. ಎಲೆಯ ರಸ ಹೀರಿ, ಮಿಕ್ಕ ಸಿಹಿಯನ್ನು ಹನಿಹನಿಯಾಗಿ ಹೊರಗೆ ಬಿಡುತ್ತವೆ. ಎಲೆಯೆಲ್ಲ ಅಂಟಂಟು. ಹೂವಿಲ್ಲದ ಕಾಲಕ್ಕೆ ಜೇನುನೊಣ ಅದನ್ನೇ ನೆಕ್ಕಿ ತರುತ್ತದೆ.

ಆ ಮರಗಳು ಹೇನು ಮೇಷ್ಟ್ರ ರಾಜ್ಯ. ಪಕ್ಕದ ಕೋಣೆಯ ಸಂಶೋಧಕ. ಅವರು ಬಂದು ಕೂತರೆ ಎದುರಿಗಿದ್ದವರ ಕೈ ತಾನಾಗಿ ತಲೆಗೆ ಹೋಗುತ್ತದೆ, ಗಿಡದ ಹೇನು ಬೇರೆ ಎಂದು ಎಷ್ಟು ಹೇಳಿದರೂ. ಒಂಟಿ ಮನುಷ್ಯ. ಮಾತು ಅಂದರೆ ಹೇನಿನದೇ. ಗಂಡಿನ ಹಂಗಿಲ್ಲದೆ ಹೆಣ್ಣು ಹೆಣ್ಣನ್ನೇ ಹೆರುತ್ತದಂತೆ, ಹೊಟ್ಟೆಯೊಳಗಿನ ಮಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳಂತೆ. “ಬಾಣಂತನ ಮಾಡೋರಿಗೆ ಪುರುಸೊತ್ತೇ ಇಲ್ಲ ನೋಡಿ” ಎಂದು ತಾವೇ ನಗುತ್ತಾರೆ.

ಇವತ್ತು ನನ್ನ ಬಾಗಿಲಿಗೆ ಬಂದು, ಬಿಲ್ಲೆ ಇರುವ ನೊಣಗಳು ಮರದಲ್ಲಿ ಕಂಡರೆ ತಾವು ಬರೆದಿಟ್ಟುಕೊಳ್ಳುತ್ತಿರುವುದಾಗಿ ಹೇಳಿದರು. ಬೇಕಾದರೆ ತೆಗೆದುಕೊಳ್ಳಿ ಎಂದು ಚೀಟಿ ಚಾಚಿದರು. ನಾನು ಕಣ್ಣಾಡಿಸಿದೆ. ಹಳದಿ ಇಪ್ಪತ್ತೆರಡು, ಹಳದಿ ನಲವತ್ತು, ಹಳದಿ ಹದಿನೇಳು.

“ಹದಿನೇಳು ಬಿಳಿ” ಎಂದೆ.

“ಹಳದಿ ದೊಡ್ಡಮ್ಮ. ನನ್ನ ಮೂಗಿನ ಮುಂದೆ ಕೂತಿತ್ತು, ಮೊಟ್ಟೆಯೊಳಗಿನ ಹಳದಿಯ ಹಾಗೆ.”

“ನಾನು ಬಿಲ್ಲೆ ಹಾಕಿದ ನೊಣದ ಬಣ್ಣ ನನಗೆ ಹೇಳಿಕೊಡ್ತೀರಾ ಮೇಷ್ಟ್ರೇ? ಹಸಿರು ಹೇನು ನೋಡಿ ನೋಡಿ ನಿಮ್ಮ ಕಣ್ಣೇ ಹಸಿರಾಗಿದೆ. ಮೊದಲು ಅದನ್ನ ತೋರಿಸ್ಕೊಳ್ಳಿ.”

ಪಾಪ, ಮುಖ ಸಣ್ಣದಾಯಿತು. ಇರಬಹುದು ಎಂದರು. ಹೋಗುವಾಗ ಏನೋ ಹೇಳಬೇಕೆಂದು ನಿಂತು, ಹೇನು ಕಚ್ಚಿ ಎಲೆಯಲ್ಲಿ ಉಬ್ಬಿದ ಗಂಟೊಂದನ್ನು ಮೇಜಿನ ಮೇಲಿಟ್ಟರು. ಅದರೊಳಗೆ ಹೇನಿನ ಇಡೀ ಸಂಸಾರವಿದೆಯಂತೆ. ಹೆರುವ ಕಾಲ ಮುಗಿದ ಮುದುಕಿಯರು ಗಂಟಿನ ಬಾಯಲ್ಲಿ ಕೂತು, ಶತ್ರು ಬಂದರೆ ಮೈಯ ಮೇಣದಿಂದ ಅದಕ್ಕೇ ಅಂಟಿಕೊಂಡು ತಡೆಯುತ್ತಾರಂತೆ. ತಡೆದವರು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ನಿಮಗೆ ಇಷ್ಟವಾಗಬಹುದು ಎಂದುಕೊಂಡೆ ಎಂದರು. ನಾನು ತಲೆಯೆತ್ತಲಿಲ್ಲ.

ಏಪ್ರಿಲ್ ೧೫

ಮಧ್ಯಾಹ್ನ ಊಟದ ಡಬ್ಬಿಯನ್ನು ಗೂಡಿನ ಮುಂದೆಯೇ ತೆಗೆದೆ. ಪಕ್ಕದ ಕೋಣೆಯಲ್ಲಿ ಮೇಷ್ಟ್ರ ಚಮಚದ ಸದ್ದು ಕೇಳುತ್ತಿತ್ತು. ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು. ಸಾವಿರಾರು ನೊಣ ನೋಡುತ್ತಿದ್ದವು.

ಏಪ್ರಿಲ್ ೧೮

ಡಾಕ್ಟರಮ್ಮನ ಫೋನು. ಮೇ ಮೂರಕ್ಕೆ ದೊಡ್ಡ ವಿಚಾರಗೋಷ್ಠಿಯಲ್ಲಿ ಅಜ್ಜಿಯ ವಿಷಯ ಓದುತ್ತಾಳಂತೆ. ಅಜ್ಜಿಯ ಜೊತೆಗೆ ಬಾಳಿದ ಬಿಳಿ ಗುಂಪಿನದೂ. “ನಿಮ್ಮ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಹಾಕ್ತೀನಿ ದೊಡ್ಡಮ್ಮ. ಕೃತಜ್ಞತೆ ಅಂತ ಕೆಳಗಲ್ಲ, ಮೇಲೆ. ನೋಡಿದ್ದು ನೀವು.” ನಾನು ನಿವೃತ್ತಿ ಆಗಿ ಮೂರು ವರ್ಷವಾದರೂ ಕಚೇರಿಗೆ ಋತುವಿಗೊಂದು ಶಿಫಾರಸು ಕಾಗದ ಬರೆದು ನನ್ನನ್ನು ಕೆಲಸದಲ್ಲಿ ಇಟ್ಟುಕೊಂಡಿದ್ದಾಳೆ. ಇನ್ನು ಮೇಲೆ ಆ ಕಾಗದ ಕೇಳುವವರೇ ಇರುವುದಿಲ್ಲವಂತೆ.

ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಪುಟ್ಟೀ.

ಮನೆಗೆ ಬಂದೆ. ಬಾಗಿಲು ತೆಗೆಯುತ್ತಲೇ ಹೇಳಬೇಕೆಂದು ಮಾತು ಬಾಯಲ್ಲೇ ಇತ್ತು. ಯಂತ್ರದ ಮೇಲೆ ಹೊದಿಸಿದ ಬಟ್ಟೆ. ಕೊಡೆಯನ್ನು ಗೋಡೆಗೆ ಆನಿಸಿ ಸ್ವಲ್ಪ ಹೊತ್ತು ನಿಂತಿದ್ದೆ. ಎದುರು ಮನೆಯಾಕೆ ಹೊಸ್ತಿಲಲ್ಲಿ ನಿಂತು ಏನಕ್ಕಾ, ಹುಷಾರಾಗಿದ್ದೀರಾ ಎಂದು ಕೇಳಿದಳು. ಹೂಂ ಎಂದು ಬಾಗಿಲು ಹಾಕಿಕೊಂಡೆ. ಅವಳ ಮುಖ ನೋಡಿದರೆ ನನಗೆ ಆ ದಿನದ್ದೇ ಕಾಣುತ್ತದೆ. ನಿನ್ನ ಕೊನೆಯ ಹೊತ್ತಿನಲ್ಲಿ ನಿನ್ನ ಪಕ್ಕ ಕೂತಿದ್ದವಳು ಅವಳು. ನಾನು ಗಾಜಿನ ಮುಂದೆ ಕೂತಿದ್ದೆ. ನಿನಗೇನಾಯಿತು, ನೀನು ಏನೆಂದೆ, ಯಾರನ್ನು ಕೇಳಿದೆ, ಇವತ್ತಿನವರೆಗೂ ಅವಳನ್ನು ವಿಚಾರಿಸಿಲ್ಲ. ಹೇಳಲು ಬಂದಾಗಲೆಲ್ಲ ನನಗೇನೋ ಕೆಲಸ.

ಏಪ್ರಿಲ್ ೨೦, ಭಾನುವಾರ

ಕೋಟಿನ ಗುಂಡಿ ಕಿತ್ತುಹೋಗಿತ್ತು. ಗೋಷ್ಠಿಗೆ ನನ್ನನ್ನೂ ಕರೆದುಕೊಂಡು ಹೋಗುತ್ತೇನೆಂದಿದ್ದಾಳೆ ಡಾಕ್ಟರಮ್ಮ, ಹರಕಲು ಕೋಟಿನಲ್ಲಿ ಹೋಗಲಾಗುತ್ತದೆಯೇ? ಹನ್ನೊಂದು ತಿಂಗಳ ಮೇಲೆ ನಿನ್ನ ನೂಲಿನ ಡಬ್ಬಿ ತೆಗೆದೆ.

ಉಂಡೆಗಳೆಲ್ಲ ನೀನಿಟ್ಟ ಹಾಗೇ ಸಾಲಾಗಿದ್ದವು. ಬಿಳಿ ನೂಲು ತೆಗೆದುಕೊಂಡೆ. ಅದರ ನೆತ್ತಿಯ ಮೇಲೆ ಸಣ್ಣ ಚೀಟಿ ಅಂಟಿಸಿತ್ತು. ನಿನ್ನ ಅಕ್ಷರ, ಆದರೆ ಮಕ್ಕಳಿಗೆ ಬರೆದಂತೆ ದಪ್ಪಗೆ. “ತಿಳಿ ಹಳದಿ.”

ಪಕ್ಕದ್ದು ತೆಗೆದೆ. “ಬಿಳಿ.”

ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಕಿಟಕಿಗೆ ಹೋದೆ. ಎರಡೂ ಒಂದೇ. ಹೊರಗೆ ಮೆಟ್ಟಿಲಿಗೆ ಹೋಗಿ ಬಿಸಿಲಿಗೆ ಹಿಡಿದೆ. ಒಂದೇ. ನೀನೇ ಚೀಟಿ ತಪ್ಪಿ ಅಂಟಿಸಿದ್ದೀ ಎಂದುಕೊಂಡೆ ಮೊದಲು. ನೀನು, ನೂಲು ತಪ್ಪುವವಳು!

ಡಬ್ಬಿಯನ್ನೆಲ್ಲ ನೆಲಕ್ಕೆ ಸುರಿದೆ. ಕೆಂಪಿಗೆ ಚೀಟಿಯಿಲ್ಲ. ಕಪ್ಪಿಗಿಲ್ಲ. ಕಡುಹಸಿರಿಗಿಲ್ಲ. ಬಿಳಿ, ತಿಳಿ ಹಳದಿ, ಕೆನೆಬಣ್ಣ, ಇಂಥವುಗಳಿಗೆ ಮಾತ್ರ. ನಿನಗೆ ಯಾಕೆ ಬೇಕಿತ್ತು ಚೀಟಿ? ಕೊನೆಯ ಆರು ತಿಂಗಳು ನೀನು ಯಂತ್ರದಿಂದ ಏಳಲಾಗದೆ ಕೂತಲ್ಲಿಂದಲೇ, ಅಕ್ಕಾ, ಬಿಳಿ ಕೊಡು, ಅಕ್ಕಾ, ಹಳದಿ ಕೊಡು ಎನ್ನುತ್ತಿದ್ದೆ. ಒಂದು ಸಲ ನೀನು ಯಾರದೋ ಕಾಲರು ಹೊಲಿದು ಮುಗಿಸಿ, ಮತ್ತೆ ಅಷ್ಟನ್ನೂ ಬಿಚ್ಚುತ್ತ ಕೂತಿದ್ದೆ. ಯಾಕೆ ಎಂದರೆ ಸುಮ್ಮನೆ, ಗಂಟು ಬಿತ್ತು ಎಂದೆ.

ನನಗಾಗಿ ಬರೆದದ್ದು. ನಾನು ಓದಲೆಂದು ಅಷ್ಟು ದಪ್ಪಗೆ. ಒಂದು ಮಾತೂ ಆಡಲಿಲ್ಲ ನೀನು.

ಗುಂಡಿ ಹಾಕಲಿಲ್ಲ.

ಏಪ್ರಿಲ್ ೨೧

ಎಲ್ಲರಿಗಿಂತ ಮುಂಚೆ ಹೋದೆ. ಡ್ರಾಯರಿನಿಂದ ಬೆಂಕಿಪೊಟ್ಟಣ ತೆಗೆದೆ. ಒಣಗಿ ಹಗುರವಾಗಿದ್ದವು. ಬಿಲ್ಲೆ ಇದ್ದವು ನಾಲ್ಕು. ಮೂವತ್ತಮೂರು. ಎಂಟು. ಐವತ್ತು.

ಹದಿನೇಳು.

ಬಣ್ಣ ನನಗೆ ಬೇಕಾಗಲಿಲ್ಲ. ಸತ್ತ ಹದಿನೇಳು ನನ್ನ ಅಂಗೈಯಲ್ಲಿತ್ತು. ಅದೇ ಹೊತ್ತಿಗೆ ಗಾಜಿನ ಆಚೆ ಹದಿನೇಳು ಕಾಲಲ್ಲಿ ಪರಾಗ ಹೊತ್ತು ಮೇಲೆ ಹತ್ತುತ್ತಿತ್ತು. ಒಂದು ಗೂಡಿಗೆ ಎರಡು ಹದಿನೇಳು ಅಂಟಿಸಿದ್ದು ನಾನೇ. ಒಂದು ಬಿಳಿ, ಇನ್ನೊಂದು ಹಳದಿ.

ಏಣಿಯನ್ನೂ ಹತ್ತಿದೆ. ಸತ್ತವುಗಳ ಡಬ್ಬಿಯಲ್ಲಿ ಮಾರ್ಚ್ ಹತ್ತರ ಕಾಗದ ಬಿಚ್ಚಿದೆ. ಐದು. ಮೊದಲು ಬರೆದದ್ದೇ ಸರಿ. ತಿದ್ದಿದ್ದು ತಪ್ಪು.

ಅಂದರೆ ಅಜ್ಜಿ ಹಿಂದಿರುಗಿ ಬರಲೇ ಇಲ್ಲ, ಪುಟ್ಟೀ. ಪೊರಕೆ ಹಿಡಿದದ್ದು ಏಳು ದಿನದ ಮಗು, ತನ್ನ ವಯಸ್ಸಿಗೆ ತಕ್ಕ ಕೆಲಸ ಮಾಡುತ್ತಿತ್ತು. ಹೆಬ್ಬೆರಳ ಹತ್ತಿರ ಬರದಿದ್ದದ್ದು ಅದಕ್ಕೆ ನನ್ನ ಗುರುತೇ ಇಲ್ಲದ್ದರಿಂದ. ಹಳದಿಯವುಗಳ ಬಿಲ್ಲೆ ಉದುರಿರಲಿಲ್ಲ. ಅವುಗಳನ್ನೆಲ್ಲ ನಾನು ಬಿಳಿಯವುಗಳ ಆಯುಷ್ಯಕ್ಕೆ ಸೇರಿಸಿಬಿಟ್ಟೆ.

ಕಣ್ಣು ಕಾಣದ್ದು ಒಂದು ತಪ್ಪು. ಅದನ್ನು ವಯಸ್ಸಿನ ಮೇಲೆ ಹಾಕಬಹುದು. ಪೊಟ್ಟಣ ತೆಗೆಯದ್ದನ್ನು ಯಾರ ಮೇಲೆ ಹಾಕಲಿ? ತೆಗೆದಿದ್ದರೆ ಮಾರ್ಚ್ ಇಪ್ಪತ್ತೆರಡಕ್ಕೇ ಎಲ್ಲ ಮುಗಿಯುತ್ತಿತ್ತು.

ಏಪ್ರಿಲ್ ೨೨

ಹೋದೆ. ಬಂದೆ. ಹೇಳಲಿಲ್ಲ.

ಏಪ್ರಿಲ್ ೨೩

ಯಾರಿಗೂ ಗೊತ್ತಾಗುವುದಿಲ್ಲ. ಮೇಷ್ಟ್ರ ಚೀಟಿಯನ್ನು ಅವರೇ ನಂಬುತ್ತಿಲ್ಲ. ಪೊಟ್ಟಣ ಒಲೆಗೆ ಹಾಕಿದರೆ ಒಂದು ಕ್ಷಣದ ಕೆಲಸ. ಮೇ ಮೂರರ ಹೊತ್ತಿಗೆ ಜೀವಂತ ಹದಿನೇಳೂ ಇರಲಾರದು. ನನ್ನ ಹೆಸರು ಮೇಲಿನ ಸಾಲಿನಲ್ಲಿ ಉಳಿಯುತ್ತದೆ. ಈ ಕೋಣೆ, ಈ ಕುರ್ಚಿ, ಬೆಳಗ್ಗೆ ಎದ್ದು ಹೋಗಲೊಂದು ಜಾಗ ಉಳಿಯುತ್ತದೆ. ಅದು ಹೋದರೆ ನನಗೆ ಈ ಎರಡು ಕೋಣೆ, ನಿನ್ನ ಯಂತ್ರ.

ಇದನ್ನೆಲ್ಲ ಬರೆದು ನೋಡಿದೆ. ನನ್ನ ಅಕ್ಷರವೂ ದಪ್ಪಗಾಗಿದೆ. ಯಾವಾಗಿನಿಂದಲೋ.

ಏಪ್ರಿಲ್ ೨೪

ಡಾಕ್ಟರಮ್ಮ ಗೋಷ್ಠಿಗೆಂದು ಸಿದ್ಧಪಡಿಸಿದ ಹಾಳೆಗಳನ್ನು ತೋರಿಸಲು ಬಂದಿದ್ದಳು. ಮೊದಲ ಹಾಳೆಯಲ್ಲಿ ಎರಡು ಹೆಸರು ಅಕ್ಕಪಕ್ಕ. ನನ್ನದನ್ನು ಬೆರಳಿಟ್ಟು ಓದಿಕೊಂಡೆ. ಆಮೇಲೆ ಬೆಂಕಿಪೊಟ್ಟಣವನ್ನು ಅದರ ಮೇಲಿಟ್ಟೆ.

ತೆಗೆದು ನೋಡಿದಳು. ಗಾಜಿನ ಕಡೆ ನೋಡಿದಳು. ಬುದ್ಧಿವಂತೆ, ವಿವರಿಸಬೇಕಾಗಲಿಲ್ಲ. ಆದರೂ ನಾನು ಎಲ್ಲವನ್ನೂ ಹೇಳಿದೆ. ಕೋಟು, ಟ್ಯೂಬ್‌ಲೈಟು, ತಿದ್ದಿದ ಐದು, ನಿನ್ನ ನೂಲಿನ ಚೀಟಿಗಳು.

“ಯಾವಾಗಿಂದ?”

“ಹಳದಿ ಅಂಟಿಸಿದ ದಿನದಿಂದ ಯಾವ ಹಾಳೆಯನ್ನೂ ನಂಬಬೇಡ. ಅದಕ್ಕೆ ಮುಂಚೆ ಗೂಡಲ್ಲಿ ಬಿಳಿ ಮಾತ್ರ ಇದ್ದದ್ದು.”

ಪೊಟ್ಟಣವನ್ನು ಮುಚ್ಚಿ ಮತ್ತೆ ತೆರೆದಳು. ಆಮೇಲೆ ಮೆಲ್ಲಗೆ, “ಪೊಟ್ಟಣ ಒಂದು ತಿಂಗಳು ಡ್ರಾಯರಲ್ಲಿತ್ತಾ? ನೀವಾ ದೊಡ್ಡಮ್ಮ? ನನಗೆ ಇದೇ ವಿಷಯಕ್ಕೆ ಎಷ್ಟು ಸಲ ಬೈದಿದ್ದೀರಿ.”

“ಅದರೊಳಗೆ ಅದು ಇರುತ್ತೆ ಅಂತ ಹೆದರಿಕೆ ಇತ್ತು ಕಣಮ್ಮ. ಅದಕ್ಕೇ ತೆಗೀಲಿಲ್ಲ.”

ಮೊದಲ ಸಲ ಅವಳ ಮುಖ ನನ್ನ ಮೇಲೆ ಸಿಟ್ಟಿನಲ್ಲಿ ಕೆಂಪಾದದ್ದು ನೋಡಿದೆ. ಕೆಂಪು ನನಗೆ ಚೆನ್ನಾಗಿ ಕಾಣುತ್ತದೆ. ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು. ಚಹಾ ಕುಡಿಯದೆ ಹೋದಳು. ಬಾಗಿಲ ಹತ್ತಿರ ನಿಂತು, ಮೊದಲು ಕಣ್ಣು ತೋರಿಸಿಕೊಳ್ಳಿ, ಅಲ್ಲಿಯವರೆಗೆ ಗೂಡಿನ ಮುಂದೆ ಕೂರಬೇಡಿ ಎಂದಳು. ತಿರುಗಿ ನೋಡಲಿಲ್ಲ.

ನನ್ನ ಹೆಸರಿದ್ದ ಹಾಳೆಯನ್ನು ಮಾತ್ರ ಮೇಜಿನ ಮೇಲೆ ಬಿಟ್ಟು ಹೋಗಿದ್ದಳು. ಮರೆತದ್ದೋ, ಬೇಡವಾದದ್ದೋ.

ಏಪ್ರಿಲ್ ೨೯

ಎರಡೂ ಕಣ್ಣಿಗೆ ಪೊರೆ. ಬಲಿತಿದೆಯಂತೆ. ಹಳದಿ ಗಾಜಿನ ಹಿಂದಿನಿಂದ ನೋಡಿದ ಹಾಗೆ ಲೋಕ ಕಂಡಿರುತ್ತದೆ, ನಿಧಾನವಾಗಿ ಬರುವುದರಿಂದ ಗೊತ್ತಾಗುವುದಿಲ್ಲ ಎಂದರು ಕಣ್ಣಿನ ವೈದ್ಯರು. ಮೇ ಐದಕ್ಕೆ ಬಲಗಣ್ಣಿನ ಆಪರೇಷನ್. ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿದರು. ಆಮೇಲೆ ಹೇಳುತ್ತೇನೆ ಎಂದೆ.

ಮೇಷ್ಟ್ರ ಹತ್ತಿರ ಹೋಗಿ, ಹದಿನೇಳು ಹಳದಿಯೇ ಎಂದೆ. ಅವರು ನನಗಿಂತ ಹೆಚ್ಚು ನಾಚಿಕೊಂಡರು. ಕುರ್ಚಿಯ ಮೇಲಿದ್ದ ಎಲೆಗಳನ್ನೆಲ್ಲ ಎತ್ತಿ ಕೂರಿಸಿದರು. ನಿಮಗೆ ಕೆಲಸ ಬೇಕಿದ್ದರೆ ನನ್ನ ಹೇನು ಎಣಿಸಿ, ಎಲ್ಲ ಒಂದೇ ಬಣ್ಣ, ತಪ್ಪುವ ಭಯವೇ ಇಲ್ಲ ಎಂದರು. ಕುಂಚದ ತುದಿಯಿಂದ ಮಧ್ಯಾಹ್ನದವರೆಗೆ ಸಾವಿರದ ನಾನ್ನೂರು ಎಣಿಸಿದೆ. ಊಟದ ಡಬ್ಬಿಯನ್ನೂ ಅಲ್ಲೇ ತೆಗೆದೆ. ಅವರ ಚಮಚದ ಸದ್ದು ಹತ್ತಿರದಿಂದ ಕೇಳಲು ಅಷ್ಟೇನೂ ಕೆಟ್ಟದಾಗಿಲ್ಲ.

ಸಂಜೆ ಡಾಕ್ಟರಮ್ಮನ ಫೋನು, ಎರಡೇ ಮಾತು. ಗೋಷ್ಠಿಯಿಂದ ಪ್ರಬಂಧವನ್ನೇ ವಾಪಸು ತೆಗೆದುಕೊಂಡಳಂತೆ. ಹಳದಿ ಅಂಟಿಸಿದ ಮಾರ್ಚ್ ಹದಿನೆಂಟರ ಹಿಂದಿನ ಹಾಳೆಗಳು ಸರಿಯಿವೆ ತಾನೇ ಎಂದು ಕೇಳಿದಳು. ಸರಿಯಿವೆ ಎಂದೆ. ಆಯಿತು ಎಂದಳು. ಮುಂದಿನ ಋತುವಿನ ಕಾಗದದ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮೇ ೧೦

ಬಲಗಣ್ಣಿನ ಪಟ್ಟಿ ಬಿಚ್ಚಿ ನಾಲ್ಕು ದಿನವಾಯಿತು. ಆಸ್ಪತ್ರೆಗೆ ಜೊತೆಗೆ ಬಂದವರು ಮೇಷ್ಟ್ರು. ಹೊರಗಿನ ಬೆಂಚಿನಲ್ಲಿ ಕೂತವರಿಗೆಲ್ಲ ಹೇನಿನ ಕಥೆ ಹೇಳಿ, ಅರ್ಧ ಬೆಂಚು ಖಾಲಿ ಮಾಡಿಸಿದ್ದರಂತೆ.

ಕೋಟು ಬೆಳ್ಳಗಿದೆ. ಇಸ್ತ್ರಿ ಅಂಗಡಿಯವನಿಗೆ ಹೇಳಿದೆ. ಕೆಲಸದ ಕೋಣೆಯ ಗೋಡೆ ನೀಲಿ. ನಾನು ಅದನ್ನು ಬೂದು ಎಂದುಕೊಂಡಿದ್ದೆ.

ಕಾವಲುಗಾರ ಬೆಂಕಿಪೊಟ್ಟಣ ತಂದ. “ನಿನ್ನೆ ಬಿದ್ದಿದ್ದು ದೊಡ್ಡಮ್ಮ. ಮೊದಲು ನಿಮಗೇ ಕೊಡೋಣ ಅಂತ ಯಾರಿಗೂ ತೋರಿಸಿಲ್ಲ.” ಅವನೆದುರಿಗೇ ನಿಂತು ತೆಗೆದೆ. ಹದಿನೇಳು. ರೆಕ್ಕೆಯ ಅಂಚೆಲ್ಲ ಹರಿದು ಚಿಂದಿಯಾಗಿತ್ತು. ಐವತ್ತೆರಡು ದಿನ. ಅದೂ ಮುದುಕಿಯಾಗಿಯೇ ಹೋಯಿತು, ನನ್ನ ಸಹಾಯವಿಲ್ಲದೆ.

ಹಳೆಯ ಪೊಟ್ಟಣದಿಂದ ಮೊದಲನೆಯದನ್ನೂ ತೆಗೆದು ಹತ್ತಿಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟೆ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ. ಎರಡೂ ಬಿಳಿ. ಎಡಗಣ್ಣು ಮುಚ್ಚಿ ಬಲ ತೆರೆದೆ. ಒಂದು ಬಿಳಿ, ಒಂದು ಹಳದಿ, ಮೊಟ್ಟೆಯೊಳಗಿನ ಹಳದಿಯ ಹಾಗೆ. ನಾಲ್ಕೈದು ಸಲ ಹಾಗೆ ಮಾಡಿದೆ. ಎಡಗಣ್ಣಿಗೆ ಇನ್ನೂ ಅಜ್ಜಿ ಬದುಕಿದ್ದಾಳೆ. ಆ ಕಣ್ಣಿನ ದಿನ ಜೂನ್ ಮೂರು.

ರಿಜಿಸ್ಟರಿನಲ್ಲಿ ಬರೆದೆ. ಹಳದಿ ಹದಿನೇಳು, ಮೇ ಒಂಬತ್ತು. ಬಿಳಿ ಹದಿನೇಳು, ಮಾರ್ಚ್ ಇಪ್ಪತ್ತು ಅಥವಾ ಇಪ್ಪತ್ತೊಂದು. ಕೊನೆಯ ಕಾಲಂ “ಕಂಡವರು.” ಅಲ್ಲಿ ಪೆನ್ನು ನಿಂತಿತು. ನಾನಂತೂ ಕಂಡಿರಲಿಲ್ಲ. ಕಾವಲುಗಾರನನ್ನು ಕರೆದು, ಆ ದಿನ ಅದು ಎಲ್ಲಿ ಬಿದ್ದಿತ್ತು, ಹೇಗೆ ಬಿದ್ದಿತ್ತು ಎಂದು ಕೇಳಿದೆ. ಅವನು ಹತ್ತಿಯ ಮೇಲಿದ್ದದ್ದನ್ನು ಬಗ್ಗಿ ನೋಡಿ, ನಾಲ್ಕರಲ್ಲಿ ಒಂದು ರೆಕ್ಕೆ ಅರ್ಧ ಹರಿದದ್ದು ಇದೊಂದೇ ಎಂದು ನೆನಪಿಸಿಕೊಂಡ. ಬಾಗಿಲ ಹಲಗೆಯ ಮೇಲೆ, ಬಿಸಿಲಿನಲ್ಲಿ. ಒಳಗೆ ಬರಲು ಹೊರಟ ಹಾಗೆ ತಲೆ ಗೂಡಿನ ಕಡೆಗಿತ್ತಂತೆ. ಕಾಲು ಸ್ವಲ್ಪ ಆಡುತ್ತಿತ್ತು, ಅದಕ್ಕೇ ನಿಲ್ಲುವವರೆಗೆ ಮುಟ್ಟದೆ ಪಕ್ಕದಲ್ಲೇ ಕೂತಿದ್ದನಂತೆ.

“ನೀನು ಇದನ್ನ ಹೇಳಲೇ ಇಲ್ಲವಲ್ಲಪ್ಪ.”

“ನೀವು ಕೇಳಲಿಲ್ಲವಲ್ಲ ದೊಡ್ಡಮ್ಮ.”

ಕಂಡವರು ಎಂಬಲ್ಲಿ ಅವನನ್ನು ಬರೆದೆ.

ಮನೆಗೆ ಬಂದು ಕೋಟಿನ ಗುಂಡಿ ಹಾಕಿದೆ, ಬಿಳಿ ನೂಲಿನಲ್ಲಿ. ಚೀಟಿ ಓದದೆಯೇ ಆರಿಸಿದೆ, ಆದರೆ ಚೀಟಿ ಕೀಳಲಿಲ್ಲ. ಎದುರು ಮನೆಯ ಕಿಟಕಿ ತೆರೆದಿದೆ. ಪಾತ್ರೆ ತೊಳೆಯುವ ಸದ್ದು. ತೊಳೆದು ಮುಗಿಸಲಿ. ಆಮೇಲೆ ಹೋಗಿ ಬಾಗಿಲು ಬಡಿಯುತ್ತೇನೆ. ನನ್ನ ತಂಗಿಯ ಪಕ್ಕದಲ್ಲಿ ಆ ಮಧ್ಯಾಹ್ನ ನೀವೇ ತಾನೇ ಇದ್ದದ್ದು, ಕೂತು ಎಲ್ಲ ಹೇಳಿ ಎಂದು ಕೇಳುತ್ತೇನೆ.

ಸದ್ದು ನಿಂತಿತು.